ಎರವಲು ತಂದ ಮಿನಿ ಟ್ರ್ಯಾಕ್ಟರಿನ ಲಿಫ್ಟ್ ಬಿಸಿಯಾದ ಮೇಲೆ ಸೋಲುತ್ತಿದೆ: ಏನನ್ನು ನೋಡಬೇಕು, ಎಲ್ಲಿ ಕೈ ತಡೆಯಬೇಕು

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಮೂರು ವರ್ಷದ ಎಳೆಯ ತೋಟದಲ್ಲಿ ಕಳೆ ಹೊಡೆಯಲು ಮಲೇಬೆನ್ನೂರಿನ ಕಡೆಯ ನಮ್ಮ ಭಾವನವರಿಂದ 24 ಎಚ್‌ಪಿ ಮಿನಿ ಟ್ರ್ಯಾಕ್ಟರನ್ನೂ ತಿರುಗುವ ಬ್ಲೇಡುಗಳಿಂದ ಮಣ್ಣು ಕಲಕುವ ನಾಲ್ಕು ಅಡಿಯ ರೋಟವೇಟರನ್ನೂ ಹದಿನೈದು ದಿನದ ಮಟ್ಟಿಗೆ ತಂದಿದ್ದೇನೆ. ರೋಟವೇಟರನ್ನು ಎಣ್ಣೆಯ ಒತ್ತಡದಿಂದ ಎತ್ತಿಳಿಸುವ ಲಿಫ್ಟ್ ಬೆಳಿಗ್ಗೆ ಚೆನ್ನಾಗಿ ಎತ್ತುತ್ತದೆ. ಒಂದು ಗಂಟೆ ಕೆಲಸವಾದ ಮೇಲೆ ಬಹಳ ನಿಧಾನವಾಗುತ್ತದೆ. ಎತ್ತಿ ನಿಲ್ಲಿಸಿದರೆ ರೋಟವೇಟರ್ ಸ್ವಲ್ಪ ಇಳಿದು ಮತ್ತೆ ಏರಿ ತಲೆದೂಗಿದಂತೆ ಆಡುತ್ತದೆ. ಪೂರ್ತಿ ಮೇಲೆ ಎತ್ತಿದಾಗ ಮಾತ್ರ ಸೀಟಿನ ಕೆಳಗಿನಿಂದ ಕುಯ್ಯೆನ್ನುವ ಸದ್ದು ಬರುತ್ತದೆ. ಪವರ್ ಸ್ಟೇರಿಂಗ್ ಎಂದಿನಂತೆ ಹಗುರವಾಗಿದೆ. ಪಕ್ಕದ ತೋಟದವರು ಪಂಪ್ ಹೋಗಿದೆ ಎನ್ನುತ್ತಾರೆ. ಊರಿನ ಮೆಕ್ಯಾನಿಕ್ ರಿಲೀಫ್ ವಾಲ್ವ್ ಬಿಗಿ ಮಾಡಿದರೆ ಸಾಕು ಎನ್ನುತ್ತಾರೆ. ಅಂಗಡಿಯಿಂದ 68 ನಂಬರಿನ ಹೈಡ್ರಾಲಿಕ್ ಎಣ್ಣೆ ಎರಡು ಲೀಟರ್ ತಂದಿಟ್ಟಿದ್ದೇನೆ. ಅದನ್ನು ಹಾಕಬಹುದೇ? ಭಾವನವರಿಗೆ ಹೇಳದೆ ಸರಿ ಮಾಡಿಸಿ ಹಿಂದಿರುಗಿಸುವುದು ಮೇಲೋ?

ಉತ್ತರ: ಆ ಡಬ್ಬಿಯ ಮುಚ್ಚಳವನ್ನು ತೆರೆಯಬೇಡಿ, ಒತ್ತಡ ಮಿತಿ ಮೀರಿದಾಗ ತೆರೆದುಕೊಂಡು ಎಣ್ಣೆಯನ್ನು ಹೊರಬಿಡುವ ರಿಲೀಫ್ ವಾಲ್ವಿಗೆ ಸ್ಪಾನರ್ ಹಾಕಲು ಯಾರಿಗೂ ಬಿಡಬೇಡಿ. ಇವೆರಡನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉತ್ತರವನ್ನು ಅರ್ಧ ಓದಿ ತೋಟಕ್ಕೆ ಹೊರಡುವವರೂ ಇರುತ್ತಾರೆ. ಪಂಪ್ ಹೋಗಿದೆ ಎಂಬ ಮಾತೂ ನೀವು ಬರೆದಿರುವ ಲಕ್ಷಣಗಳಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ನನಗೆ ತೋರುವಂತೆ ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಕೂಡಿಕೊಂಡಿವೆ: ಲಿವರ್ ಮೇಲಿನ ತುದಿಗೆ ಹೋದಾಗ ರಿಲೀಫ್ ವಾಲ್ವ್ ತೆರೆದುಕೊಂಡು ಎಣ್ಣೆಯನ್ನು ಕಾಯಿಸುತ್ತಿರುವುದು ಒಂದು, ಹಾಗೆ ಕಾದು ತೆಳುವಾದ ಎಣ್ಣೆಯು ಸವೆದ ಸೀಲಿನಿಂದಲೋ ವಾಲ್ವಿನ ಸಂದಿನಿಂದಲೋ ಜಾರಿಹೋಗುತ್ತಿರುವುದು ಇನ್ನೊಂದು. ಈ ಊಹೆ ಸರಿಯೇ ತಪ್ಪೇ ಎಂಬುದನ್ನು ಒಂದು ಬೋಲ್ಟನ್ನೂ ಬಿಚ್ಚದೆ, ಸೀಮೆಸುಣ್ಣ, ಅಳತೆಯ ಟೇಪು, ಮೊಬೈಲಿನ ಗಡಿಯಾರ ಮತ್ತು ಒಂದು ಗಾಜಿನ ಬಾಟಲಿಯನ್ನು ಇಟ್ಟುಕೊಂಡು ನೀವೇ ತಿಳಿಯಬಹುದು. ಯಂತ್ರ ಮತ್ತೊಬ್ಬರದಾಗಿರುವಾಗ ಬಿಚ್ಚದೆ ತಿಳಿದುಕೊಳ್ಳುವವರೆಗೆ ಮಾತ್ರ ನಮ್ಮ ಕೈ ಹೋಗಬೇಕು.

ಬೆಳಿಗ್ಗೆ ಚೆನ್ನಾಗಿದ್ದು ಬಿಸಿಯಾದ ಮೇಲೆ ಸೋಲುವ ಲಿಫ್ಟಿಗೂ, ಬೆಳಿಗ್ಗೆ ಸೋತು ಬಿಸಿಯಾದ ಮೇಲೆ ಸರಿಹೋಗುವ ಲಿಫ್ಟಿಗೂ ಕಾರಣಗಳು ತದ್ವಿರುದ್ಧವಾಗಿರುತ್ತವೆ. ಪಂಪು ಎಣ್ಣೆಯನ್ನು ಎಳೆದುಕೊಳ್ಳುವ ದಾರಿಯಲ್ಲಿರುವ ಜಾಲರಿ ಕಟ್ಟಿಕೊಂಡಿದ್ದರೆ, ತಣ್ಣಗಿನ ಮಂದ ಎಣ್ಣೆ ಅದರಲ್ಲಿ ನುಸುಳಲಾರದೆ ಮುಂಜಾನೆಯೇ ಪಂಪು ಕಿರುಚುತ್ತದೆ. ಎಣ್ಣೆ ಕಾದು ತೆಳುವಾದಂತೆ ತೊಂದರೆ ಕಡಿಮೆಯಾಗುತ್ತದೆ. ನಿಮ್ಮದು ಹಾಗಲ್ಲ. ತಣ್ಣಗಿದ್ದಾಗ ಎತ್ತುವ ಶಕ್ತಿ ಪೂರ್ತಿಯಾಗಿದೆ, ಅಂದರೆ ಎಣ್ಣೆ ಪಂಪಿಗೆ ಸಿಗುತ್ತಿದೆ, ಒತ್ತಡವೂ ಹುಟ್ಟುತ್ತಿದೆ. ಮಿನಿ ಟ್ರ್ಯಾಕ್ಟರುಗಳಲ್ಲಿ ಬಳಸುವ ಗೇರ್ ಮತ್ತು ಹೈಡ್ರಾಲಿಕ್ ಎರಡಕ್ಕೂ ಆಗುವ ಎಣ್ಣೆಯ ಮಂದತ್ವವು 40 ಡಿಗ್ರಿಯಲ್ಲಿ ಇರುವುದರ ಸುಮಾರು ಆರರಲ್ಲಿ ಒಂದು ಪಾಲಿಗೆ 100 ಡಿಗ್ರಿ ಬಿಸಿಯಲ್ಲಿ ಇಳಿಯುತ್ತದೆ. ಕೂದಲೆಳೆಯ ಸಂದಿನಲ್ಲಿ ತಣ್ಣಗಿದ್ದಾಗ ಒಂದು ಚಮಚ ಸೋರುತ್ತಿದ್ದ ಜಾಗದಲ್ಲಿ ಕಾದ ಮೇಲೆ ಐದಾರು ಚಮಚ ಸೋರುತ್ತದೆ ಎಂದು ತಿಳಿಯಿರಿ. ಆ ಸಂದು ಪಂಪಿನ ಒಳಗೂ ಇರಬಹುದು, ಲಿಫ್ಟಿನ ಸಿಲಿಂಡರಿನ ಸೀಲಿನಲ್ಲೂ ಇರಬಹುದು, ಲಿವರಿಗೆ ಸೇರಿದ ಕಂಟ್ರೋಲ್ ವಾಲ್ವಿನಲ್ಲೂ ಇರಬಹುದು. ಇವುಗಳಲ್ಲಿ ಯಾವುದು ಎಂಬುದೇ ನಮ್ಮ ಪ್ರಶ್ನೆ.

ಸ್ಟೇರಿಂಗ್ ಹಗುರವಾಗಿದೆ ಎಂದು ನೀವು ಬರೆದದ್ದು ಬಹಳ ಉಪಯೋಗದ ಮಾತು, ಆದರೆ ಅದನ್ನು ನಂಬುವ ಮೊದಲು ಒಂದು ಸಂಗತಿಯನ್ನು ನೋಡಬೇಕು. ಬಾನೆಟ್ ತೆರೆದು, ಸ್ಟೇರಿಂಗಿಗೆ ಪ್ರತ್ಯೇಕವಾದ ಸಣ್ಣ ಎಣ್ಣೆಯ ಡಬ್ಬಿ ಇದೆಯೇ ಎಂದು ಗಮನಿಸಿ. ಇದ್ದರೆ ಸ್ಟೇರಿಂಗಿನ ಆರೋಗ್ಯದಿಂದ ಲಿಫ್ಟಿನ ವಿಚಾರದಲ್ಲಿ ಏನೂ ಗೊತ್ತಾಗುವುದಿಲ್ಲ. ಇಲ್ಲದಿದ್ದರೆ ಎರಡೂ ಗೇರ್ ಹೌಸಿಂಗಿನ, ಅಂದರೆ ಗೇರುಗಳಿರುವ ಎರಕದ ಪೆಟ್ಟಿಗೆಯ, ಒಂದೇ ಎಣ್ಣೆಯನ್ನು, ಸಾಮಾನ್ಯವಾಗಿ ಒಂದೇ ಜಾಲರಿಯ ಮೂಲಕ, ಕುಡಿಯುತ್ತಿವೆ. ಆಗ ಸ್ಟೇರಿಂಗ್ ಚೆನ್ನಾಗಿರುವುದರಿಂದ ಎಣ್ಣೆಯ ಮಟ್ಟ, ಜಾಲರಿ, ಎಳೆಯುವ ಪೈಪು ಇವುಗಳ ಮೇಲಿನ ಅನುಮಾನ ಬಹುಪಾಲು ಕಳೆದುಹೋಗುತ್ತದೆ.

ಇನ್ನು ಆ ಕುಯ್ಯೆನ್ನುವ ಸದ್ದು. ಅದು ಪೂರ್ತಿ ಮೇಲೆತ್ತಿದಾಗ ಮಾತ್ರ ಬರುತ್ತದೆ ಎಂಬುದರಲ್ಲಿ ಅರ್ಧ ಉತ್ತರವಿದೆ. ಲಿಫ್ಟ್ ಸರಿಯಾಗಿದ್ದರೆ, ತೋಳುಗಳು ಲಿವರ್ ಕೇಳಿದ ಎತ್ತರವನ್ನು ಮುಟ್ಟಿದ ಕೂಡಲೇ ಒಳಗಿನ ಕೊಂಡಿಗಳು ವಾಲ್ವನ್ನು ತಟಸ್ಥ ಸ್ಥಾನಕ್ಕೆ ತರುತ್ತವೆ, ಪಂಪಿನ ಎಣ್ಣೆ ಯಾವ ಶ್ರಮವೂ ಇಲ್ಲದೆ ಹೌಸಿಂಗಿಗೆ ಹಿಂದಿರುಗುತ್ತದೆ, ಸದ್ದು ನಿಲ್ಲುತ್ತದೆ. ಲಿವರಿನ ತಡೆ ಸಡಿಲವಾಗಿ ಅದು ಮಿತಿಗಿಂತ ಮೇಲೆ ಹೋಗುತ್ತಿದ್ದರೆ, ಅಥವಾ ರೋಟವೇಟರಿನ ಯಾವುದೋ ಭಾಗ ಟ್ರ್ಯಾಕ್ಟರಿಗೆ ತಗುಲಿ ತೋಳುಗಳು ಮೇಲಿನ ತುದಿಯನ್ನು ಮುಟ್ಟಲಾಗದಿದ್ದರೆ, ವಾಲ್ವು ‘ಇನ್ನೂ ಎತ್ತು’ ಎಂಬ ಸ್ಥಿತಿಯಲ್ಲೇ ಉಳಿಯುತ್ತದೆ. ಆಗ ಪಂಪಿನ ಎಣ್ಣೆಗೆ ಬೇರೆ ದಾರಿಯಿಲ್ಲದೆ ಅದು ರಿಲೀಫ್ ವಾಲ್ವನ್ನು ತಳ್ಳಿಕೊಂಡು ಹೋಗುತ್ತದೆ. ನೀವು ಕೇಳುತ್ತಿರುವುದು ಬಹುಶಃ ಅದರ ಕಿರುಚಾಟ.

ಈ ಕಿರುಚಾಟಕ್ಕೆ ತೆರುವ ಬೆಲೆ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿದರೆ ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪಂಪು ನಿಮಿಷಕ್ಕೆ 20 ಲೀಟರ್ ಎಣ್ಣೆ ದೂಡುತ್ತದೆ, ರಿಲೀಫ್ ವಾಲ್ವು 150 ಬಾರ್ ಒತ್ತಡದಲ್ಲಿ ತೆರೆಯುತ್ತದೆ ಎಂದು ಇಟ್ಟುಕೊಳ್ಳೋಣ. ಇವು ಈ ಗಾತ್ರದ ಟ್ರ್ಯಾಕ್ಟರಿಗೆ ಅಸಹಜವಲ್ಲದ ಅಂಕಿಗಳು. ಎರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ 5 ಕಿಲೋವ್ಯಾಟ್ ಬರುತ್ತದೆ. ಅಷ್ಟೂ ಶಕ್ತಿ ಯಾವ ಕೆಲಸವನ್ನೂ ಮಾಡದೆ ಶಾಖವಾಗುತ್ತದೆ. ಸ್ನಾನದ ನೀರು ಕಾಯಿಸುವ ಒಂದು ಕಿಲೋವ್ಯಾಟಿನ ಕಾಯಿಲ್‌ಗಳನ್ನು ಐದರಂತೆ ಹೌಸಿಂಗಿನೊಳಗೆ ಇಳಿಬಿಟ್ಟ ಹಾಗೆ. ಒಳಗೆ 18 ಲೀಟರ್ ಎಣ್ಣೆಯಿದ್ದರೆ ಸದ್ದು ಬರುವ ಪ್ರತಿ ನಿಮಿಷಕ್ಕೆ ಅದು ಸುಮಾರು 10 ಡಿಗ್ರಿ ಕಾಯುತ್ತದೆ. ಗದ್ದೆಯಲ್ಲಿ ಅಥವಾ ಮೆಕ್ಕೆಜೋಳದ ಹೊಲದಲ್ಲಿ ಸಾಲಿನ ಕೊನೆ ದೂರ ಇರುತ್ತದೆ. ಅಡಿಕೆ ತೋಟದಲ್ಲಿ ಇನ್ನೂರು ಅಡಿಗೊಮ್ಮೆ ಎತ್ತಿ ತಿರುಗಿಸಬೇಕು; ಗಂಟೆಗೆ ಎರಡು ಕಿಲೋಮೀಟರ್ ವೇಗದಲ್ಲಿ ಹೋದರೆ ಒಂದು ಸಾಲಿಗೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಗಂಟೆಗೆ ಇಪ್ಪತ್ತೈದು ಸಲ ಎತ್ತಿ, ಪ್ರತಿ ಸಲ ಗಿಡಗಳ ನಡುವೆ ಹುಷಾರಾಗಿ ತಿರುಗಿಸಿಕೊಳ್ಳುವ ಹದಿನೈದು ಸೆಕೆಂಡು ಲಿವರನ್ನು ತುದಿಗೇ ಬಿಟ್ಟರೆ, ಆರು ನಿಮಿಷಕ್ಕೂ ಮೇಲ್ಪಟ್ಟು ಈ ಐದು ಕಾಯಿಲ್‌ಗಳು ಉರಿದಂತಾಯಿತು. ಭಾವನವರ ಗದ್ದೆಯಲ್ಲಿ ಅಷ್ಟಾಗಿ ಕಾಣದಿರಬಹುದಾದ ತೊಂದರೆ ನಿಮ್ಮ ತೋಟದಲ್ಲಿ ಏಕೆ ಎದ್ದು ಕಾಣುತ್ತಿದೆ ಎಂಬುದಕ್ಕೆ ಇಷ್ಟೇ ಸಾಕು.

ಹಾಗಾಗಿ ಎಲ್ಲಕ್ಕೂ ಮೊದಲು ಮಾಡಬೇಕಾದದ್ದು ಬಹಳ ಸುಲಭ. ರೋಟವೇಟರನ್ನು ಪೂರ್ತಿ ಎತ್ತಿ, ಸದ್ದು ಬಂದ ಕೂಡಲೇ ಲಿವರನ್ನು ಎರಡು ಬೆರಳಿನಷ್ಟು ಹಿಂದಕ್ಕೆ ತನ್ನಿ. ಸದ್ದು ಅಲ್ಲಿಗೇ ಕಡಿದುಹೋದರೆ ಅದು ರಿಲೀಫ್ ವಾಲ್ವಿನದೇ ಎಂದು ಖಾತ್ರಿ. ಆ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ಲಿವರ್ ಅದರಾಚೆಗೆ ಹೋಗದಂತೆ ನೋಡಿಕೊಳ್ಳಿ; ಹಲವು ಮಾದರಿಗಳಲ್ಲಿ ಲಿವರಿನ ಪಟ್ಟಿಯ ಮೇಲೆ ಇದಕ್ಕಾಗಿಯೇ ಕೈಯಿಂದ ಸರಿಸುವ ತಡೆಯೊಂದು ಇರುತ್ತದೆ. ರೋಟವೇಟರ್ ಅಷ್ಟೆತ್ತರಕ್ಕೆ ಏರಬೇಕಾದ ಅಗತ್ಯವೂ ಇಲ್ಲ. ಬ್ಲೇಡುಗಳು ನೆಲದಿಂದ ಒಂದು ಅಡಿ ಮೇಲಿದ್ದರೆ ತಿರುಗಿಸಲು ಸಾಕು. ಅದಕ್ಕಿಂತ ಮೇಲೆತ್ತಿ ಪಿಟಿಒ, ಅಂದರೆ ಎಂಜಿನ್ನಿನ ಶಕ್ತಿಯನ್ನು ರೋಟವೇಟರಿಗೆ ಕೊಡುವ ಶಾಫ್ಟನ್ನು, ತಿರುಗಿಸುತ್ತಲೇ ಇದ್ದರೆ ಅದರ ಕೀಲುಗಳಾದ ಕ್ರಾಸುಗಳು ಓರೆಯಾಗಿ ಕಟಕಟ ಎನ್ನತೊಡಗುತ್ತವೆ, ಅದು ಬೇರೆಯೇ ಖರ್ಚಿನ ಬಾಬತ್ತು.

ಎರಡನೆಯದಾಗಿ ಎಣ್ಣೆ. ಇದನ್ನು ನೋಡುವ ಕ್ರಮದಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಟ್ರ್ಯಾಕ್ಟರ್ ಸಮತಟ್ಟಾದ ನೆಲದ ಮೇಲಿರಬೇಕು, ರೋಟವೇಟರ್ ನೆಲಕ್ಕೆ ಇಳಿದಿರಬೇಕು, ಎಂಜಿನ್ ನಿಂತು ಹತ್ತು ನಿಮಿಷವಾದರೂ ಆಗಿರಬೇಕು. ತೋಳುಗಳು ಮೇಲಿದ್ದಾಗ ಸಿಲಿಂಡರಿನಲ್ಲಿ ಎಣ್ಣೆ ತುಂಬಿಕೊಂಡಿರುವುದರಿಂದ ಎಣ್ಣೆ ಅಳೆಯುವ ಕಡ್ಡಿಯಲ್ಲಿ ಮಟ್ಟ ಕಡಿಮೆ ಕಾಣುತ್ತದೆ, ನೋಡಿದವರು ಗಾಬರಿಯಿಂದ ಮತ್ತಷ್ಟು ಸುರಿಯುತ್ತಾರೆ. ಹೆಚ್ಚಾದ ಎಣ್ಣೆಯನ್ನು ಗೇರುಗಳು ಕಡೆದು ನೊರೆ ಮಾಡುತ್ತವೆ. ನೊರೆಯಲ್ಲಿರುವ ಗಾಳಿ ಪಂಪಿಗೆ ಹೋದರೆ ಲಿಫ್ಟ್ ಜರ್ಕು ಹೊಡೆಯತೊಡಗುತ್ತದೆ. ಕಡ್ಡಿಯನ್ನು ಒರೆಸಿ, ಅದ್ದಿ, ತೆಗೆದು, ಮಟ್ಟವನ್ನು ಮಾತ್ರವಲ್ಲ ಬಣ್ಣವನ್ನೂ ನೋಡಿ. ಮಟ್ಟ ಹೆಚ್ಚಾಗಿರದೆಯೂ ನೊರೆಯಿದ್ದರೆ ಎಳೆಯುವ ಪೈಪಿನಲ್ಲಿ ಎಲ್ಲೋ ಗಾಳಿ ಸೇರುತ್ತಿರಬಹುದು. ಹಾಲು ಬೆರೆಸಿದಂತೆ ಮಬ್ಬಾಗಿದ್ದರೆ ನೀರು ಸೇರಿದೆ.

ನೀರಿನ ಮಾತನ್ನು ಸುಮ್ಮನೆ ಎತ್ತಲಿಲ್ಲ. ಮಲೇಬೆನ್ನೂರಿನ ಕಡೆಯೂ ಸೇರಿದ ಭದ್ರಾ ನಾಲೆಯ ಅಚ್ಚುಕಟ್ಟಿನ ಟ್ರ್ಯಾಕ್ಟರುಗಳು ನಾಟಿಗೆ ಮುಂಚೆ ದಿನಗಟ್ಟಲೆ ಕೆಸರು ಹೊಡೆಯುತ್ತವೆ. ಆಕ್ಸಲಿನ ಸೀಲುಗಳು ಸ್ವಲ್ಪ ಸವೆದಿದ್ದರೂ ಸಾಕು, ಕಾದ ಹೌಸಿಂಗ್ ಸಂಜೆ ತಣಿಯುವಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನ ಕೆಸರುನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೌಸಿಂಗಿನ ಮೇಲಿರುವ ಉಸಿರಾಟದ ಮುಚ್ಚಳ, ಅಂದರೆ ಬ್ರೀದರ್, ಕೆಸರಿನಿಂದ ಮುಚ್ಚಿಹೋಗಿದ್ದರೆ ಈ ಎಳೆತ ಇನ್ನೂ ಜೋರಾಗಿರುತ್ತದೆ. ಸಂದೇಹವಿದ್ದರೆ ಎಣ್ಣೆ ತುಂಬುವ ರಂಧ್ರದಿಂದ, ಶುದ್ಧವಾದ ಪೈಪಿನ ಮೂಲಕ ಅರ್ಧ ಲೋಟದಷ್ಟು ಎಣ್ಣೆಯನ್ನು ಸಿರಿಂಜಿನಿಂದ ಹೀರಿ ಗಾಜಿನ ಬಾಟಲಿಗೆ ಹಾಕಿ, ಒಂದು ರಾತ್ರಿ ಅಲುಗಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ನೀರಿನ ಪದರವೋ ಬೂದು ಬಣ್ಣದ ಗಸಿಯೋ ಕಾಣಬಹುದು. ಇನ್ನೂ ಬೇಗ ತಿಳಿಯಬೇಕಾದರೆ ಕಾದ ತವದ ಮೇಲೆ ಒಂದು ಹನಿ ಬಿಡಿ, ತುಸು ದೂರ ನಿಂತು ನೋಡಿ. ಒಗ್ಗರಣೆಯಂತೆ ಚಟಪಟ ಎಂದರೆ ನೀರಿದೆ. ಮನೆಯಲ್ಲಿ ದಿನನಿತ್ಯ ಬಳಸುವ ತವವನ್ನು ಮುಟ್ಟಬೇಡಿ ಎಂದು ಹೇಳುವ ಅಗತ್ಯವಿಲ್ಲ ಅಂದುಕೊಳ್ಳುತ್ತೇನೆ.

ನೀವು ತಂದಿರುವ 68 ನಂಬರಿನ ಎಣ್ಣೆ ಕೆಟ್ಟದ್ದೇನಲ್ಲ, ಕಾರ್ಖಾನೆಯ ಪ್ರೆಸ್ಸಿಗೆ ಒಳ್ಳೆಯದೇ. ಆದರೆ ಇಂತಹ ಟ್ರ್ಯಾಕ್ಟರುಗಳಲ್ಲಿ ಒಂದೇ ಎಣ್ಣೆ ಗೇರುಗಳಿಗೆ ಜಾರಿಕೆ ಕೊಡಬೇಕು, ಲಿಫ್ಟ್ ಎತ್ತಬೇಕು, ಎಣ್ಣೆಯಲ್ಲೇ ಮುಳುಗಿರುವ ಬ್ರೇಕಿನ ಪ್ಲೇಟುಗಳು ಕಿರುಚದೆ ಹಿಡಿಯುವಂತೆಯೂ ನೋಡಿಕೊಳ್ಳಬೇಕು. ಈ ಮೂರನೆಯ ಕೆಲಸಕ್ಕೆ ಬೇಕಾದ ದ್ರವ್ಯಗಳು ಸಾಮಾನ್ಯ ಹೈಡ್ರಾಲಿಕ್ ಎಣ್ಣೆಯಲ್ಲಿ ಇರುವುದಿಲ್ಲ, ಎಂಜಿನ್ ಎಣ್ಣೆಯಲ್ಲಿಯೂ ಇರುವುದಿಲ್ಲ. ಎರಡು ಲೀಟರ್ ಬೆರೆಸಿದರೆ ನಾಳೆಯೇ ಬ್ರೇಕು ಹೋಗುತ್ತದೆ ಎಂದು ನಾನು ಹೆದರಿಸುವುದಿಲ್ಲ; ಆದರೆ ಯಾವ ಎಣ್ಣೆ ಎಷ್ಟು ಒಳಗಿದೆ ಎಂಬುದು ಮುಂದೆ ಯಾರಿಗೂ ತಿಳಿಯದಂತಾಗುತ್ತದೆ, ಕೊನೆಗೆ ಭಾವನವರು ಪೂರ್ತಿ ಎಣ್ಣೆಯನ್ನೇ ಬದಲಿಸಬೇಕಾಗುತ್ತದೆ. ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹೆಸರಿಸಿರುವ ದರ್ಜೆಯ ಎಣ್ಣೆಯನ್ನೇ, ಅದೂ ಮಟ್ಟ ನಿಜವಾಗಿಯೂ ಕಡಿಮೆಯಿದ್ದರೆ ಮಾತ್ರ ಹಾಕಿ.

ಬೆರೆಸುವ ವಿಚಾರ ಬಂದಾಗ ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ದಾರಿಯಿದೆ: ಜಾಕ್ ಇರುವ ಟ್ರೈಲರ್. ಟ್ರೈಲರನ್ನು ಎತ್ತಿ ಮಣ್ಣು ಸುರಿಯುವಾಗ ಟ್ರ್ಯಾಕ್ಟರಿನ ಎಣ್ಣೆ ಜಾಕಿಗೆ ಹೋಗುತ್ತದೆ, ಇಳಿಸುವಾಗ ಜಾಕಿನಲ್ಲಿದ್ದ ಎಣ್ಣೆ ಟ್ರ್ಯಾಕ್ಟರಿಗೆ ಬರುತ್ತದೆ. ಒಂದೇ ಟ್ರೈಲರನ್ನು ಊರಿನ ನಾಲ್ಕು ಟ್ರ್ಯಾಕ್ಟರುಗಳಿಗೆ ಕಟ್ಟಿದರೆ ನಾಲ್ಕರ ಎಣ್ಣೆಯೂ, ನಾಲ್ಕರ ಕಸವೂ ಒಂದಾಗುತ್ತವೆ. ತೀರ್ಥಹಳ್ಳಿಯ ಕಡೆ ನಾನು ನೋಡಿದ ಒಂದು ಹೊಸ ಮಿನಿ ಟ್ರ್ಯಾಕ್ಟರಿನ ಕಡ್ಡಿಯಲ್ಲಿ ಎಣ್ಣೆ ಸುಟ್ಟ ಎಂಜಿನ್ ಎಣ್ಣೆಯಂತೆ ಕಪ್ಪಾಗಿತ್ತು. ಗಾಡಿ ಇನ್ನೂ ಇನ್ನೂರು ಗಂಟೆ ಓಡಿರಲಿಲ್ಲ. ಮಾಲೀಕರು ಕಂಪನಿಯವರನ್ನು ಬೈಯುತ್ತಿದ್ದರು. ಕೊನೆಗೆ ತಿಳಿದದ್ದು, ಹಿಂದಿನ ವಾರ ಜಲ್ಲಿ ಹೊಡೆಯಲು ಬಾಡಿಗೆಗೆ ಕಟ್ಟಿದ್ದ ಟ್ರೈಲರಿನ ಜಾಕು ತನ್ನ ಹಳೆಯ ಎಣ್ಣೆಯನ್ನೆಲ್ಲ ಇದರೊಳಗೆ ಕಕ್ಕಿ ಹೋಗಿತ್ತು ಎಂದು.

ಮೂರನೆಯದು ಗಡಿಯಾರದ ಪರೀಕ್ಷೆ. ಬೆಳಿಗ್ಗೆ ಎಂಜಿನ್ ಹಚ್ಚಿ ಐದು ನಿಮಿಷವಾದ ಮೇಲೆ, ರೇಸನ್ನು 1500 ಆರ್‌ಪಿಎಮ್‌ಗೆ ನಿಲ್ಲಿಸಿ, ರೋಟವೇಟರ್ ನೆಲದಿಂದ ಮೇಲಿನ ಗೆರೆಯವರೆಗೆ ಏರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಮೂರು ಸಲ ಅಳೆದು ಬರೆದಿಟ್ಟುಕೊಳ್ಳಿ. ಲಿಫ್ಟ್ ಸೋತಾಗ ಅದೇ ರೇಸಿನಲ್ಲಿ ಮತ್ತೆ ಮೂರು ಸಲ ಅಳೆಯಿರಿ. ಈ ಅಂಕಿಗಳಲ್ಲಿ ಸೋರಿಕೆಯ ಪ್ರಮಾಣವೇ ಅಡಗಿದೆ. ಉದಾಹರಣೆಗೆ, ಸಿಲಿಂಡರಿನ ಒಳವ್ಯಾಸ 75 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 110 ಮಿಲಿಮೀಟರ್ ಎಂದಾದರೆ ಅದನ್ನು ತುಂಬಲು ಬೇಕಾದ ಎಣ್ಣೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ. ನಿಮಿಷಕ್ಕೆ 20 ಲೀಟರ್ ದೂಡುವ ಪಂಪಿಗೆ ಅದು ಒಂದೂವರೆ ಸೆಕೆಂಡಿನ ಕೆಲಸ. ಅದೇ ಪಂಪಿಗೆ ನಾಲ್ಕು ಸೆಕೆಂಡು ಹಿಡಿದರೆ, ಇಪ್ಪತ್ತರಲ್ಲಿ ಏಳು ಚಿಲ್ಲರೆ ಲೀಟರ್ ಮಾತ್ರ ಸಿಲಿಂಡರನ್ನು ಮುಟ್ಟುತ್ತಿದೆ, ಉಳಿದದ್ದು ದಾರಿಯಲ್ಲೇ ಜಾರುತ್ತಿದೆ ಎಂದರ್ಥ. ನಿಮ್ಮ ಟ್ರ್ಯಾಕ್ಟರಿನ ಅಳತೆಗಳು ಬೇರೆ ಇರಬಹುದು, ಆದರೆ ತಣ್ಣಗಿನ ಸಮಯಕ್ಕೂ ಬಿಸಿಯ ಸಮಯಕ್ಕೂ ಇರುವ ಅನುಪಾತದಿಂದ ಇದೇ ಲೆಕ್ಕ ತಿಳಿಯುತ್ತದೆ.

ಇನ್ನು ನಾಲ್ಕನೆಯ ಪರೀಕ್ಷೆಯನ್ನು ಎಲ್ಲಕ್ಕಿಂತ ಎಚ್ಚರದಿಂದ ಮಾಡಿ, ಏಕೆಂದರೆ ಪಂಪಿನ ತಪ್ಪನ್ನೂ ಸಿಲಿಂಡರಿನ ತಪ್ಪನ್ನೂ ಬೇರ್ಪಡಿಸುವುದು ಇದೇ. ಬಿಸಿಯಾಗಿರುವಾಗಲೇ ಪಿಟಿಒ ಬಿಡಿಸಿ, ರೋಟವೇಟರನ್ನು ಎತ್ತಿ, ಲಿವರನ್ನು ಅಲ್ಲೇ ಬಿಟ್ಟು ಎಂಜಿನ್ ನಿಲ್ಲಿಸಿ. ರೋಟವೇಟರಿನ ಬದಿಯ ತಗಡಿನ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಮಾಡಿ, ಅದು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಪಕ್ಕದಲ್ಲಿ ನಿಂತು ಅಳೆಯಿರಿ. ಕೈಯಾಗಲಿ ಕಾಲಾಗಲಿ ಅದರ ಕೆಳಗೆ ಹೋಗಬಾರದು. ಪ್ರತಿ ಐದು ನಿಮಿಷಕ್ಕೊಮ್ಮೆ ಅಳತೆಯನ್ನು ಬರೆದುಕೊಳ್ಳಿ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಹೊಸ ಟ್ರ್ಯಾಕ್ಟರುಗಳನ್ನು ಪರೀಕ್ಷಿಸುವಾಗಲೂ ಇದನ್ನೇ ಮಾಡುತ್ತಾರೆ: ಭಾರ ಹೊತ್ತ ತೋಳುಗಳು ಅರ್ಧ ಗಂಟೆಯಲ್ಲಿ ಎಷ್ಟು ಇಳಿದವು ಎಂಬುದನ್ನು ಐದೈದು ನಿಮಿಷಕ್ಕೆ ದಾಖಲಿಸುತ್ತಾರೆ. ಎಂಜಿನ್ ನಿಂತ ಮೇಲೆ ಪಂಪಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ. ಆದ್ದರಿಂದ ಕಾಣುವಂತೆ ಇಳಿದುಬಂದರೆ ಸೋರಿಕೆ ಸಿಲಿಂಡರಿನ ಕಡೆಗಿದೆ. ಇಳಿಯದೆ ನಿಂತು, ಎತ್ತುವಾಗ ಮಾತ್ರ ನಿಧಾನವಾದರೆ ಪಂಪನ್ನೋ ರಿಲೀಫ್ ವಾಲ್ವನ್ನೋ ಸಂದೇಹಿಸಬಹುದು, ಆಗ ನಿಮ್ಮ ಪಕ್ಕದ ತೋಟದವರ ಮಾತು ಗೆದ್ದಿತು ಎಂದು ಒಪ್ಪೋಣ.

ರೋಟವೇಟರ್ ತಲೆದೂಗುವುದನ್ನು ನೋಡಿದರೆ ಅದು ಇಳಿಯುತ್ತದೆ ಎಂದೇ ನನ್ನ ನಿರೀಕ್ಷೆ. ಎಣ್ಣೆ ಸೋರಿ ತೋಳು ಕೊಂಚ ಇಳಿದ ಕೂಡಲೇ ಒಳಗಿನ ಕೊಂಡಿಗಳು ಅದನ್ನು ಗಮನಿಸಿ ವಾಲ್ವನ್ನು ತೆರೆಯುತ್ತವೆ, ಪಂಪು ಮತ್ತೆ ಎತ್ತುತ್ತದೆ, ಮತ್ತೆ ಇಳಿಯುತ್ತದೆ. ತಲೆದೂಗುವುದು ಅಂದರೆ ಇದೇ. ಹಾಗೆ ಇಳಿದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಸೀಟಿನ ಮುಂಭಾಗದ ಕೆಳಗೆ, ರೋಟವೇಟರ್ ಇಳಿಯುವ ವೇಗವನ್ನು ಹೊಂದಿಸುವ ಒಂದು ತಿರುಪು ಇರುತ್ತದೆ. ಬಹಳಷ್ಟು ಮಿನಿ ಟ್ರ್ಯಾಕ್ಟರುಗಳಲ್ಲಿ ಇದು ಸಿಲಿಂಡರಿಗೂ ಕಂಟ್ರೋಲ್ ವಾಲ್ವಿಗೂ ನಡುವಿನ ದಾರಿಯಲ್ಲಿದ್ದು, ಪೂರ್ತಿ ತಿರುಗಿಸಿದರೆ ಆ ದಾರಿಯೇ ಮುಚ್ಚಿಹೋಗುತ್ತದೆ. ರಸ್ತೆಯಲ್ಲಿ ಓಡಿಸುವಾಗ ಸಲಕರಣೆ ಜಾರದಿರಲಿ ಎಂದು ಹೀಗೆ ಮುಚ್ಚುವುದುಂಟು. ಮತ್ತೊಮ್ಮೆ ಎತ್ತಿ, ಎಂಜಿನ್ ನಿಲ್ಲಿಸಿ, ಈ ತಿರುಪನ್ನು ಕೈಯಿಂದ ಮುಚ್ಚಿ, ಅಳತೆ ನೋಡಿ. ಈಗ ಇಳಿಯುವುದು ನಿಂತರೆ ತಪ್ಪು ಕಂಟ್ರೋಲ್ ವಾಲ್ವಿನಲ್ಲಿದೆ. ಮುಚ್ಚಿದ ಮೇಲೂ ಇಳಿಯುತ್ತಿದ್ದರೆ ಪಿಸ್ಟನ್ನಿನ ಓರಿಂಗು, ಅಂದರೆ ರಬ್ಬರಿನ ಉಂಗುರದ ಸೀಲು, ಸವೆದಿದೆ, ಅಥವಾ ಸಿಲಿಂಡರಿಗೆ ಜೋಡಿಸಿರುವ ಸುರಕ್ಷಾ ವಾಲ್ವು ಸೋರುತ್ತಿದೆ. ನೂರಾರು ರೂಪಾಯಿಯ ಓರಿಂಗಿಗೂ ಸಾವಿರಾರು ರೂಪಾಯಿಯ ವಾಲ್ವಿಗೂ ಇರುವ ಅಂತರವನ್ನು ಈ ಒಂದು ತಿರುಪು ಹೇಳುತ್ತದೆ.

ಪರೀಕ್ಷೆ ಮುಗಿದ ಮೇಲೆ ತಿರುಪನ್ನು ಮೊದಲಿದ್ದ ಜಾಗಕ್ಕೆ ತರುವುದನ್ನು ಮರೆಯಬೇಡಿ. ಈ ಕೆಲಸಕ್ಕೆ ಬಂದ ಹೊಸದರಲ್ಲಿ, ‘ಕಲ್ಟಿವೇಟರ್ ಇಳಿಯುತ್ತಲೇ ಇಲ್ಲ’ ಎಂದು ಬಂದ ರೈತರೊಬ್ಬರ ಟ್ರ್ಯಾಕ್ಟರಿನ ಲಿಫ್ಟ್ ಕವರನ್ನು ನಾನೂ ನನ್ನ ಸಹಾಯಕರೂ ಅರ್ಧ ದಿನ ಹಿಡಿದು ಬಿಚ್ಚಿ ಹರಡಿದ್ದೆವು. ಎಲ್ಲವೂ ಚೆನ್ನಾಗಿಯೇ ಇತ್ತು. ಮತ್ತೆ ಜೋಡಿಸಿದ ಮೇಲೆ ಅವರ ಮಗ ಸೀಟಿನ ಕೆಳಗೆ ಕೈ ಹಾಕಿ, ‘ಇದನ್ನು ನಾನು ಆಟಕ್ಕೆ ತಿರುಗಿಸಿದ್ದೆ’ ಎಂದ. ಅಂದಿನಿಂದ ಯಾವ ಟ್ರ್ಯಾಕ್ಟರ್ ಬಂದರೂ ನಾನು ಮೊದಲು ಮುಟ್ಟುವುದು ಆ ತಿರುಪನ್ನು, ಅನಂತರ ಲಿವರುಗಳನ್ನು. ನಿಮ್ಮದರಲ್ಲಿ ಎತ್ತರವನ್ನು ಹಿಡಿಯುವ ಪೊಸಿಷನ್ ಲಿವರಿನ ಜೊತೆಗೆ, ಮಣ್ಣಿನ ಎಳೆತಕ್ಕೆ ತಕ್ಕಂತೆ ಆಳವನ್ನು ಹೊಂದಿಸುವ ಡ್ರಾಫ್ಟ್ ಲಿವರೂ ಇದ್ದರೆ, ರೋಟವೇಟರಿನ ಕೆಲಸಕ್ಕೆ ಅದನ್ನು ಕೆಲಸ ಮಾಡದ ಕಡೆಗೆ ಸರಿಸಿಡಿ. ಅದು ಇರುವುದು ನೇಗಿಲು ಮತ್ತು ಕಲ್ಟಿವೇಟರಿಗಾಗಿ.

ರಿಲೀಫ್ ವಾಲ್ವನ್ನು ಬಿಗಿ ಮಾಡಬಾರದೆಂದು ಏಕೆ ಅಷ್ಟು ಒತ್ತಿ ಹೇಳಿದೆನೆಂದರೆ, ಅದು ಶಕ್ತಿಯನ್ನು ಹೆಚ್ಚಿಸುವ ತಿರುಪಲ್ಲ, ಅಪಾಯವನ್ನು ತಡೆಯುವ ಬಾಗಿಲು. ಮೇಲೆ ಹೇಳಿದ 75 ಮಿಲಿಮೀಟರ್ ಪಿಸ್ಟನ್ನಿನ ಮೇಲೆ 150 ಬಾರ್ ಒತ್ತಡ ಬಿದ್ದಾಗ ಅದು ಆರೂವರೆ ಟನ್ನಿಗೂ ಹೆಚ್ಚಿನ ಬಲದಿಂದ ತಳ್ಳುತ್ತಿರುತ್ತದೆ. ಆ ಮಿತಿಯನ್ನು ಕುರುಡಾಗಿ ಮೇಲಕ್ಕೆ ಒಯ್ದರೆ ಮೊದಲು ಸೋಲುವುದು ಪಂಪಿನ ಸೀಲೋ, ಪೈಪೋ, ಎರಕದ ಹೌಸಿಂಗೋ ಎಂದು ಯಾರೂ ಹೇಳಲಾರರು. ಅದನ್ನು ಹೊಂದಿಸುವ ಸರಿಯಾದ ಕ್ರಮವೆಂದರೆ ಪರೀಕ್ಷೆಯ ರಂಧ್ರಕ್ಕೆ ಗೇಜ್ ಹಾಕಿ, ಎಣ್ಣೆ ಕಾದಿರುವಾಗ, ಕೈಪಿಡಿಯಲ್ಲಿ ಹೇಳಿದ ರೇಸಿನಲ್ಲಿ ಒತ್ತಡವನ್ನು ಓದುವುದು. ಗೇಜ್ ಇಲ್ಲದೆ ಬಂದವರು ಎಷ್ಟೇ ಅನುಭವಸ್ಥರಾಗಿದ್ದರೂ ಅವರಿಗೆ ಕಾಫಿ ಕೊಟ್ಟು ಕಳುಹಿಸಿ. ಇದೇ ಒತ್ತಡದ ಕಾರಣಕ್ಕೆ, ಪೈಪಿನ ಸೋರಿಕೆಯನ್ನು ಹುಡುಕಲು ಯಾವತ್ತೂ ಬೆರಳು ಸವರಬೇಡಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆಯಷ್ಟೇ ಕಂಡರೂ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ರಟ್ಟಿನ ತುಂಡೊಂದನ್ನು ಪೈಪಿನ ಉದ್ದಕ್ಕೂ ಹಿಡಿದು ನೋಡಿದರೆ ಸೋರಿಕೆ ಅದರ ಮೇಲೆ ತಾನೇ ಬರೆದು ತೋರಿಸುತ್ತದೆ.

ಭಾವನವರಿಗೆ ಹೇಳದೆ ಸರಿ ಮಾಡಿಸುವ ಆಲೋಚನೆಯನ್ನು ಬಿಟ್ಟುಬಿಡಿ. ಇದು ಕೇವಲ ಮರ್ಯಾದೆಯ ಪ್ರಶ್ನೆಯಲ್ಲ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ, ಹೊರಗಿನವರು ಲಿಫ್ಟ್ ಕವರ್ ಬಿಚ್ಚಿದ ಗುರುತು ಕಂಡರೆ ಆ ಹಕ್ಕಿಗೆ ಕುತ್ತು ಬರಬಹುದು. ಅದಕ್ಕಿಂತ ಮುಖ್ಯವಾಗಿ, ಯಂತ್ರದ ಚರಿತ್ರೆ ಗೊತ್ತಿರುವುದು ಅವರಿಗೆ. ಇಂದು ರಾತ್ರಿಯೇ ಫೋನ್ ಮಾಡಿ, ಕೊನೆಯ ಸಲ ಹೌಸಿಂಗಿನ ಎಣ್ಣೆಯನ್ನು ಎಷ್ಟು ಗಂಟೆಯ ಮೀಟರಿಗೆ ಬದಲಿಸಿದರು, ಯಾವ ಎಣ್ಣೆ ಹಾಕಿದರು, ಈ ವರ್ಷ ಕೆಸರಿಗೆ ಎಷ್ಟು ದಿನ ಇಳಿಸಿದ್ದರು, ಯಾರ ಟ್ರೈಲರಿಗೆ ಕಟ್ಟಿದ್ದರು, ಲಿಫ್ಟನ್ನು ಹಿಂದೆ ಯಾರಾದರೂ ಬಿಚ್ಚಿದ್ದರೇ ಎಂದು ಕೇಳಿ. ‘ನಮ್ಮಲ್ಲಿಯೂ ಸ್ವಲ್ಪ ತಲೆದೂಗುತ್ತಿತ್ತು’ ಎಂಬ ಮಾತು ಆ ಕಡೆಯಿಂದ ಬಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ಓರಿಂಗು ಒಂದು ವಾರದಲ್ಲಿ ಸವೆಯುವ ವಸ್ತುವಲ್ಲ. ಖರ್ಚನ್ನು ಯಾರು ಕೊಡಬೇಕೆಂಬುದು ನಿಮ್ಮಿಬ್ಬರ ನಡುವಿನ ಮಾತು, ಆದರೆ ಹಳೆಯ ಸವೆತದ ಖರ್ಚು ಮಾಲೀಕರದು, ಎಣ್ಣೆಯನ್ನು ಕಾಯಿಸಿದ ತಪ್ಪು ಓಡಿಸಿದವರದು ಎಂಬುದನ್ನು ನೀವೇ ಮೊದಲು ಒಪ್ಪಿಕೊಂಡರೆ ಮಾತು ಸುಲಭವಾಗುತ್ತದೆ. ಎಣ್ಣೆಯಲ್ಲಿ ನೀರು ಕಂಡಿದ್ದರೆ ಮಾತ್ರ ಕೆಲಸವನ್ನು ಕೂಡಲೇ ನಿಲ್ಲಿಸಿ. ಅವರ ಒಪ್ಪಿಗೆ ಪಡೆದು ಪೂರ್ತಿ ಎಣ್ಣೆ ಇಳಿಸಿ, ಜಾಲರಿ ತೊಳೆದು, ಹೊಸ ಎಣ್ಣೆ ತುಂಬುವವರೆಗೆ ಆ ಗಾಡಿಯನ್ನು ಓಡಿಸಿದಷ್ಟೂ ಬೇರಿಂಗುಗಳಿಗೆ ನಷ್ಟ.

ನೀರಿಲ್ಲ, ಮಟ್ಟ ಸರಿಯಿದೆ, ಭಾವನವರೂ ಒಪ್ಪಿದರು ಎಂದಾದರೆ ಉಳಿದ ತೋಟವನ್ನು ಮುಗಿಸಿಕೊಳ್ಳಲು ಅಡ್ಡಿಯಿಲ್ಲ. ಲಿವರ್ ಸೀಮೆಸುಣ್ಣದ ಗೆರೆಯನ್ನು ದಾಟದಿರಲಿ. ಆಳವನ್ನು ಲಿಫ್ಟಿನಿಂದ ಹಿಡಿಯುವ ಬದಲು ರೋಟವೇಟರಿನ ಎರಡು ಬದಿಯ ಪಾದಗಳನ್ನು ಮೂರು ಇಂಚಿಗೆ ಹೊಂದಿಸಿ, ಭಾರವನ್ನು ಅವುಗಳ ಮೇಲೆ ಬಿಡಿ. ಎಳೆಯ ಅಡಿಕೆಯ ಬೇರುಗಳು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಅದಕ್ಕಿಂತ ಆಳ ಬೇಡವೂ ಬೇಡ. ತಗಡಿನ ಒಳಗೆ ಮೆತ್ತಿದ ಹಸಿ ಮಣ್ಣನ್ನು ಆಗಾಗ ಕೆರೆದು ತೆಗೆದರೆ ಲಿಫ್ಟಿನ ಮೇಲಿನ ಭಾರವೂ ಇಳಿಯುತ್ತದೆ. ಕೆರೆಯುವ ಮುನ್ನ ರೋಟವೇಟರಿನ ಕೆಳಗೆ ಎರಡೂ ಕಡೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಅದನ್ನು ದಿಮ್ಮಿಯ ಮೇಲೆ ಇಳಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ. ಗಂಟೆಗೊಮ್ಮೆ ಕಾಲು ಗಂಟೆ ಟ್ರ್ಯಾಕ್ಟರಿಗೆ ವಿಶ್ರಾಂತಿ ಕೊಡಿ, ಆ ಹೊತ್ತಿನಲ್ಲಿ ರೋಟವೇಟರ್ ನೆಲದ ಮೇಲಿರಲಿ. ಹಿಂದಿರುಗಿಸುವ ದಿನ, ನೀವು ಬರೆದಿಟ್ಟ ಸೆಕೆಂಡುಗಳೂ ಇಳಿದ ಇಂಚುಗಳೂ ಇರುವ ಚೀಟಿಯನ್ನು ಎಣ್ಣೆಯ ಬಾಟಲಿಯ ಸಮೇತ ಭಾವನವರ ಕೈಗೆ ಕೊಡಿ; ಅವರ ಮೆಕ್ಯಾನಿಕ್‌ಗೆ ಲಿಫ್ಟ್ ಕವರನ್ನು ಬಿಚ್ಚಬೇಕೋ ಬೇಡವೋ ಎಂಬುದು ಆ ಚೀಟಿಯಿಂದಲೇ ತಿಳಿಯುತ್ತದೆ.